ಸಣ್ಣ ದೋಣಿಯಿಂದ ರಾತ್ರಿ ಮೀನುಗಾರಿಕೆ: ನೀರೊಳಗಿನ ದೀಪವನ್ನು ಬಳಸುವ ಕ್ರಮ

ನೀರಿನೊಳಗೆ ದೀಪವನ್ನು ಇಳಿಬಿಟ್ಟರೆ ದೊಡ್ಡ ಮೀನು ನೇರವಾಗಿ ದೀಪದ ಬಳಿಗೇ ಬರುತ್ತದೆ ಎಂದು ಹೊಸಬರು ಸಾಮಾನ್ಯವಾಗಿ ಭಾವಿಸುತ್ತಾರೆ. ಆಗುವುದು ಬೇರೆ. ಕತ್ತಲಾದ ಮೇಲೆ ಆಳದಿಂದ ಮೇಲಕ್ಕೇರುವ ಪ್ರಾಣಿಪ್ಲವಕಗಳು, ಅಂದರೆ ನೀರಿನಲ್ಲಿ ತೇಲಾಡುವ ಅತಿ ಸಣ್ಣ ಜೀವಿಗಳು, ಬೆಳಕಿನ ಸುತ್ತ ಗುಂಪುಗೂಡುತ್ತವೆ; ಅವುಗಳನ್ನು ತಿನ್ನಲು ಸಣ್ಣ ಮೀನುಗಳು ಬಂದು ಸುತ್ತತೊಡಗುತ್ತವೆ; ಆ ಸಣ್ಣ ಮೀನುಗಳಿಗಾಗಿ ಬರುವ ಬೇಟೆಗಾರ ಮೀನುಗಳು ಬಹುಪಾಲು ಬೆಳಕಿನೊಳಗೆ ನುಗ್ಗದೆ, ಬೆಳಕು ಮುಗಿದು ಕತ್ತಲು ಆರಂಭವಾಗುವ ಅಂಚಿನಲ್ಲಿ ಕಾದು ನಿಲ್ಲುತ್ತವೆ. ದೀಪದ ಆಯ್ಕೆ, ಅದನ್ನು ಇಳಿಸುವ ಆಳ, ಲಂಗರು ಹಾಕುವ ರೀತಿ, ಗಾಳ ಬಿಡುವ ಜಾಗ ಎಲ್ಲವನ್ನೂ ಈ ಅಂಚನ್ನು ಗಮನದಲ್ಲಿಟ್ಟುಕೊಂಡೇ ನಿರ್ಧರಿಸಬೇಕು.

ದೋಣಿಯ ಮೇಲಿನಿಂದ ನೀರಿಗೆ ಹಾಯಿಸುವ ಬೆಳಕಿಗಿಂತ ನೀರೊಳಗಿನ ದೀಪ ಮೇಲು. ಓರೆಯಾಗಿ ಬಿದ್ದ ಬೆಳಕಿನ ಒಂದು ಭಾಗ ನೀರಿನ ಮೇಲ್ಮೈಯಿಂದಲೇ ಪ್ರತಿಫಲಿಸಿ ವ್ಯರ್ಥವಾಗುತ್ತದೆ, ಉಳಿದದ್ದು ಅಲೆಗಳಿಂದಾಗಿ ನೀರೊಳಗೆ ಮಿನುಗುತ್ತಾ ಅಲುಗಾಡುತ್ತದೆ, ಮೇಲಾಗಿ ಗಾಳ ಹಿಡಿದವರ ಕಣ್ಣನ್ನೂ ಕುಕ್ಕುತ್ತದೆ. ಬಣ್ಣದ ವಿಷಯದಲ್ಲಿ ನೀರಿನ ಗುಣವೇ ಮುಖ್ಯ. ಕೆಂಪು ಬೆಳಕನ್ನು ನೀರು ಮೊದಲ ಕೆಲವು ಮೀಟರುಗಳಲ್ಲೇ ಹೀರಿಕೊಳ್ಳುತ್ತದೆ. ಅತ್ಯಂತ ತಿಳಿಯಾದ ಕಡಲ ನೀರಿನಲ್ಲಿ ನೀಲಿ ಬೆಳಕು ಹೆಚ್ಚು ದೂರ ಸಾಗಿದರೆ, ಪಾಚಿ ಮತ್ತು ಕೊಳೆತ ಸಸ್ಯಾಂಶ ಬೆರೆತ ದಡದ ನೀರಿನಲ್ಲಿ, ಕೆರೆಗಳಲ್ಲಿ, ಅಳಿವೆಗಳಲ್ಲಿ ಸುಮಾರು 520 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕೇ ಹೆಚ್ಚು ದೂರ ತಲುಪುತ್ತದೆ. ಒಂದೇ ದೀಪ ಕೊಳ್ಳುವುದಾದರೆ ಹಸಿರನ್ನೇ ಕೊಳ್ಳಿರಿ. ನೀರು ಮತ್ತು ಧೂಳು ಒಳನುಗ್ಗದಂತೆ ತಡೆಯುವ ದರ್ಜೆಯನ್ನು ಸೂಚಿಸುವ ಐಪಿ68 ಎಂಬ ಗುರುತು ಇದ್ದರೆ ಸಾಲದು. ಆ ದರ್ಜೆಯ ಆಳ ಮತ್ತು ಅವಧಿಯನ್ನು ತಯಾರಕರೇ ನಿಗದಿಪಡಿಸುವುದರಿಂದ, ನಿಮ್ಮ ದೀಪ ಎಷ್ಟು ಮೀಟರಿನವರೆಗೆ ಇಳಿಯಬಲ್ಲದು ಎಂಬುದನ್ನು ಅದರ ಕೈಪಿಡಿಯಲ್ಲಿ ಓದಿ ಖಚಿತಪಡಿಸಿಕೊಳ್ಳಬೇಕು.

ವಿದ್ಯುತ್ತಿನ ವ್ಯವಸ್ಥೆಯನ್ನು ದಡದಲ್ಲಿ, ಹಗಲಿನಲ್ಲಿ, ನಿಧಾನವಾಗಿ ಸಿದ್ಧಪಡಿಸಬೇಕು. 60 ವ್ಯಾಟಿನ ಎಲ್‌ಇಡಿ ದೀಪ 12 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುತ್ತದೆ. 100 ಆಂಪಿಯರ್-ಗಂಟೆಯ ಸೀಸ-ಆಮ್ಲದ ಬ್ಯಾಟರಿಯನ್ನು ಅರ್ಧಕ್ಕಿಂತ ಹೆಚ್ಚು ಬರಿದುಮಾಡಿದರೆ ಅದರ ಆಯುಷ್ಯ ಕುಗ್ಗುವುದರಿಂದ 50 ಆಂಪಿಯರ್-ಗಂಟೆಯನ್ನಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಅಂದರೆ ದೀಪ ಹತ್ತು ಗಂಟೆ ಉರಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಾದರೆ ಇದಕ್ಕಿಂತ ಹೆಚ್ಚಿನ ಪಾಲನ್ನು ಬಳಸಬಹುದು, ತೂಕವೂ ಕಡಿಮೆ, ಮತ್ತು ಸಣ್ಣ ದೋಣಿಯಲ್ಲಿ ತೂಕ ಕಡಿಮೆಯಾಗುವುದು ಬಹಳ ದೊಡ್ಡ ಅನುಕೂಲ. ಯಾವುದೇ ಬ್ಯಾಟರಿಯಾಗಲಿ, ಎಂಜಿನ್ ಚಾಲೂ ಮಾಡುವ ಬ್ಯಾಟರಿಯಿಂದ ದೀಪವನ್ನು ಉರಿಸಕೂಡದು. ನಡುರಾತ್ರಿ ಎಂಜಿನ್ ಹೊತ್ತದೆ ನೀರಿನ ನಡುವೆ ಸಿಕ್ಕಿಬೀಳುವ ಸ್ಥಿತಿಯನ್ನು ನಾವೇ ತಂದುಕೊಳ್ಳಬಾರದು.

ವೈರಿನ ದಪ್ಪವನ್ನು ಬಹಳ ಜನ ಕಡೆಗಣಿಸುತ್ತಾರೆ. 10 ಮೀಟರ್ ದೂರಕ್ಕೆ 1.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ 5 ಆಂಪಿಯರ್ ಹರಿದರೆ, ಹೋಗುವ ಮತ್ತು ಬರುವ ಎರಡೂ ಎಳೆಗಳನ್ನು ಸೇರಿಸಿ ಸುಮಾರು 1.15 ವೋಲ್ಟ್ ದಾರಿಯಲ್ಲೇ ಕಳೆದುಹೋಗುತ್ತದೆ. ಅದೇ ದೂರಕ್ಕೆ 4 ಚದರ ಮಿಲಿಮೀಟರ್ ವೈರು ಬಳಸಿದರೆ ನಷ್ಟ 0.43 ವೋಲ್ಟಿಗೆ ಇಳಿಯುತ್ತದೆ. ಉಪ್ಪುನೀರಿನಲ್ಲಿ ತವರ ಲೇಪಿಸಿದ ತಾಮ್ರದ ವೈರು ಹೆಚ್ಚು ಕಾಲ ಬಾಳುತ್ತದೆ. ಧನ ತುದಿಯ ವೈರಿನಲ್ಲಿ, ಬ್ಯಾಟರಿಗೆ ಒಂದು ಗೇಣಿನೊಳಗೆ, ಫ್ಯೂಸ್ ಇರಲೇಬೇಕು. 5 ಆಂಪಿಯರಿನ ದೀಪಕ್ಕೆ 7.5 ಆಂಪಿಯರಿನ ಫ್ಯೂಸ್ ಸರಿಹೊಂದುತ್ತದೆ. ಬ್ಯಾಟರಿಯನ್ನು ಮುಚ್ಚಳವಿರುವ ಪೆಟ್ಟಿಗೆಯಲ್ಲಿಟ್ಟು, ದೋಣಿ ಓಲಾಡಿದರೂ ಜರುಗದಂತೆ ಪಟ್ಟಿಯಿಂದ ಬಿಗಿಯಿರಿ.

ದೀಪದ ಭಾರ ವೈರಿನ ಮೇಲೆ ಬೀಳಬಾರದು. ಬೇರೆಯದೇ ಒಂದು ಹಗ್ಗವನ್ನು ದೀಪಕ್ಕೆ ಕಟ್ಟಿ, ವೈರನ್ನು ಅದರ ಪಕ್ಕದಲ್ಲಿ ಸ್ವಲ್ಪ ಸಡಿಲವಾಗಿ ಅಲ್ಲಲ್ಲಿ ಬಿಗಿದರೆ, ಎಳೆತವೆಲ್ಲ ಹಗ್ಗದ ಪಾಲಾಗಿ ವೈರು ದೀಪವನ್ನು ಸೇರುವ ಕಡೆ ನೀರು ಒಳನುಗ್ಗುವ ಅಪಾಯ ತಪ್ಪುತ್ತದೆ. ಹಗ್ಗದಲ್ಲಿ ಮೀಟರಿಗೊಂದು ಗಂಟು ಹಾಕಿಟ್ಟರೆ ಕತ್ತಲಲ್ಲಿ ಕೈಯಿಂದಲೇ ಆಳವನ್ನು ಅಳೆಯಬಹುದು. ಸೆಳೆತವಿದ್ದಲ್ಲಿ ದೀಪ ಹಿಂದಕ್ಕೆ ತೇಲಿ ಮೇಲೇಳುತ್ತದೆ. ಅದರ ಕೆಳಗೆ ಸೀಸದ ಗುಂಡು ಕಟ್ಟಿ ನೆಟ್ಟಗೆ ನಿಲ್ಲಿಸಬೇಕು. ನೀರಿನಿಂದಲೇ ತಂಪಾಗುವಂತೆ ರಚಿಸಿದ ದೀಪಗಳು ಗಾಳಿಯಲ್ಲಿ ಉರಿದರೆ ಬೇಗ ಕಾದು ಕೆಡುವುದರಿಂದ, ಇಳಿಸಿದ ಮೇಲೆ ಉರಿಸಬೇಕು, ಆರಿಸಿದ ಮೇಲೆ ಎತ್ತಬೇಕು.

ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳು ಈ ಕೆಲಸಕ್ಕೆ ಒಳ್ಳೆಯವು. ಹುಣ್ಣಿಮೆಯ ಬೆಳಕಿನಲ್ಲಿ ನಮ್ಮ ದೀಪದ ಅಂಚು ಮಸುಕಾಗುತ್ತದೆ. ಕತ್ತಲಾಗುವ ಮೊದಲೇ ಸ್ಥಳ ತಲುಪಿ, ದೋಣಿಯ ಮುಂಭಾಗದಿಂದ ಲಂಗರು ಹಾಕಿ, ನೀರಿನ ಆಳದ ಐದರಿಂದ ಏಳು ಪಟ್ಟು ಹಗ್ಗವನ್ನು ಬಿಡಿ. ಹಿಂಭಾಗದಿಂದ ಲಂಗರು ಹಾಕಿದ ಸಣ್ಣ ದೋಣಿಗೆ ಅಲೆ ಹಿಂದಿನಿಂದ ನುಗ್ಗಿ ನೀರು ತುಂಬುವ ಅಪಾಯವಿದೆ. ದೀಪವನ್ನು ಮೊದಲು ಒಂದೂವರೆಯಿಂದ ಎರಡು ಮೀಟರ್ ಆಳಕ್ಕೆ ಇಳಿಸಿರಿ. ನೀರು ತಿಳಿಯಾಗಿದ್ದರೆ ಇನ್ನೂ ಇಳಿಸಬಹುದು. ಕದಡಿದ್ದರೆ ಮೇಲೆಯೇ ಇರಲಿ. ಬಳಿಕ ದೀಪವನ್ನು ಮತ್ತೆ ಮತ್ತೆ ಆರಿಸಿ ಹೊತ್ತಿಸದೆ, ಸ್ಥಳ ಬದಲಿಸದೆ, ದೋಣಿಯಲ್ಲಿ ಸದ್ದು ಮಾಡದೆ ಕನಿಷ್ಠ ಒಂದು ಗಂಟೆ ಕಾಯಬೇಕು. ಮೊದಲ ಅರ್ಧ ಗಂಟೆಯಲ್ಲಿ ಧೂಳಿನಂತೆ ಕಾಣುವ ಸಣ್ಣ ಜೀವಿಗಳಷ್ಟೇ ಕಂಡರೆ ನಿರಾಶರಾಗಬೇಡಿ. ಉಳಿದುದೆಲ್ಲ ಅವುಗಳ ಬೆನ್ನು ಹಿಡಿದೇ ಬರುತ್ತದೆ.

ಸಣ್ಣ ಮೀನುಗಳು ದೀಪದ ಸುತ್ತ ಒಂದೇ ಸಮನೆ ಸುತ್ತುತ್ತಿದ್ದು ಹಠಾತ್ತನೆ ಚದುರಿದರೆ ಅಥವಾ ಒತ್ತೊತ್ತಾಗಿ ಮುದ್ದೆಗಟ್ಟಿದರೆ, ಅಂಚಿಗೆ ಬೇಟೆಗಾರ ಬಂದಿದೆ ಎಂದು ತಿಳಿಯಬೇಕು. ಆಗ ಗಾಳವನ್ನು ದೀಪದ ನಡುವೆ ಹಾಕಬೇಡಿ. ಎರೆಯನ್ನು ಕತ್ತಲಿಗೆ ಎಸೆದು ನಿಧಾನವಾಗಿ ಬೆಳಕಿನ ಅಂಚಿನವರೆಗೆ ಎಳೆಯಿರಿ, ಇಲ್ಲವೇ ಸಣ್ಣ ಮೀನಿನ ಗುಂಪಿನ ಕೆಳಗೆ, ಬೆಳಕು ಕುಂದುವ ಆಳಕ್ಕೆ ಇಳಿಬಿಡಿ. ದೋಣಿಯ ಅಡಿಯ ನೆರಳೂ ಒಂದು ಅಂಚೇ ಎಂಬುದನ್ನು ಮರೆಯದಿರಿ; ಬೊಂಡಾಸಿನಂಥ (ಸ್ಕ್ವಿಡ್) ಜೀವಿಗಳು ಆ ನೆರಳಿನಲ್ಲಿ ನಿಂತು ಬೆಳಕಿಗೆ ಹಾರಿ ಬೇಟೆಯಾಡುತ್ತವೆ. ಗಾಳಕ್ಕೆ ಬಿದ್ದ ಮೀನು ದೀಪದ ಹಗ್ಗಕ್ಕೆ ಸುತ್ತಿಕೊಳ್ಳದಂತೆ, ದೀಪ ಒಂದು ಮಗ್ಗುಲಲ್ಲಿದ್ದರೆ ಮೀನನ್ನು ಇನ್ನೊಂದು ಮಗ್ಗುಲಿಗೆ ತಂದು ಎತ್ತುವುದು ಉತ್ತಮ.

ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ಹಲವು ಕಡೆ ನಿಷೇಧಿಸಲಾಗಿದೆ ಅಥವಾ ಮಿತಿಗೊಳಿಸಲಾಗಿದೆ. ದೀಪ ಕೊಳ್ಳುವ ಮೊದಲೇ ನೀವು ಹೋಗುವ ನೀರಿನ ನಿಯಮವನ್ನು ವಿಚಾರಿಸಿರಿ. ನೀರೊಳಗಿನ ಹೊಳಪು ದೋಣಿಯ ಗುರುತಿನ ದೀಪಕ್ಕೆ ಬದಲಿಯಲ್ಲ. ಸಮುದ್ರದಲ್ಲಿ ಘರ್ಷಣೆ ತಪ್ಪಿಸುವ 1972ರ ಅಂತರರಾಷ್ಟ್ರೀಯ ನಿಯಮಗಳ ಪ್ರಕಾರ ಲಂಗರು ಹಾಕಿದ ಸಣ್ಣ ದೋಣಿ ಸುತ್ತಲೂ ಕಾಣುವ ಒಂದು ಬಿಳಿ ದೀಪವನ್ನು ತೋರಿಸಬಹುದು, ಮತ್ತು ಬೇರೆ ಯಾವ ಬೆಳಕೂ ಅದನ್ನು ಮರೆಮಾಚುವಂತೆ ಇರಬಾರದು. ಏಳು ಮೀಟರಿಗಿಂತ ಚಿಕ್ಕ ದೋಣಿಗೆ ಹಡಗುಗಳ ದಾರಿಯಿಂದ ದೂರವಿದ್ದಾಗ ವಿನಾಯಿತಿ ಇದ್ದರೂ, ನಾನಂತೂ ಆ ದೀಪವಿಲ್ಲದೆ ಲಂಗರು ಹಾಕುವುದನ್ನು ಒಪ್ಪಲಾರೆ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತರಿಂದ ಮೂವತ್ತು ನಿಮಿಷ ಬೇಕಾಗುವುದರಿಂದ, ತಲೆಗೆ ಕಟ್ಟಿಕೊಳ್ಳುವ ದೀಪ ಮಂದವಾದ ಕೆಂಪು ಬೆಳಕಿನದಾಗಿರಲಿ. ಕಡಲಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ: ಈಟಿಯಂಥ ಮೂತಿಯ ಸೂಜಿಮೀನುಗಳು ರಾತ್ರಿ ಪ್ರಖರ ಬೆಳಕಿನತ್ತ ನೀರಿನಿಂದ ಚಿಮ್ಮಿ ಮನುಷ್ಯರನ್ನು ತೀವ್ರವಾಗಿ ಗಾಯಗೊಳಿಸಿದ್ದುಂಟು. ಲೈಫ್ ಜಾಕೆಟ್ ಮೈಮೇಲೆಯೇ ಇರಬೇಕು.

ಹೊರಡುವಾಗ ಮೊದಲು ದೀಪವನ್ನು ಆರಿಸಿ, ಹಗ್ಗ ಹಿಡಿದು ಮೇಲೆಳೆದು, ಪೂರ್ತಿ ದೋಣಿಯೊಳಗೆ ಬಂದ ಮೇಲಷ್ಟೇ ಎಂಜಿನ್ ಚಾಲೂ ಮಾಡಿರಿ. ನೀರಿನಲ್ಲಿ ಮರೆತ ವೈರು ಪ್ರೊಪೆಲರ್‌ಗೆ ಸುತ್ತಿಕೊಂಡರೆ ದೀಪವೂ ಎಂಜಿನ್ನೂ ಒಟ್ಟಿಗೆ ಕೈಕೊಡುತ್ತವೆ. ದಡ ಸೇರಿದ ಕೂಡಲೇ ದೀಪ, ವೈರು, ಹಗ್ಗಗಳನ್ನು ಸಿಹಿನೀರಿನಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಬ್ಯಾಟರಿಯ ತುದಿಗಳನ್ನು ಒರೆಸಿ, ಅದೇ ದಿನ ಚಾರ್ಜಿಗೆ ಹಾಕಿರಿ.