ಮಗಳ ಜೊತೆ ಮೊದಲ ಮೀನು ಶಿಕಾರಿ

ಮಗಳನ್ನು ಮೊದಲ ಸಲ ಮೀನು ಹಿಡಿಯಲು ಕರೆದುಕೊಂಡು ಹೋದ ದಿನವನ್ನು ನಾನೇ ಪೂರ್ತಿ ಹಾಳು ಮಾಡಿದೆ. ಅವಳಿಗೆ ಆಗ ಐದು ವರ್ಷ. ಅವಳಿಗೊಂದು ಪುಟ್ಟ ಗಾಳ, ನನಗೊಂದು ದೊಡ್ಡ ಗಾಳ ತಗೊಂಡು ಹೋಗಿದ್ದೆ. ಅವಳು ಪಕ್ಕದಲ್ಲಿ ಕೂತು, ದಾರಕ್ಕೆ ಕಟ್ಟಿ ನೀರಿನ ಮೇಲೆ ತೇಲಿಬಿಡುವ ಬೆಂಡು ನೋಡುತ್ತಾ ಇರುತ್ತಾಳೆ, ನನ್ನ ಪಾಡಿಗೆ ನಾನು ಹಿಡಿಯುತ್ತೇನೆ ಅಂತ ಲೆಕ್ಕ ಹಾಕಿದ್ದೆ.

ಹತ್ತೇ ನಿಮಿಷದಲ್ಲಿ ಅವಳ ದಾರ ಗಂಟು ಗಂಟಾಯಿತು. ಅದೇ ಹೊತ್ತಿಗೆ ನನ್ನ ಬೆಂಡು ಅಲ್ಲಾಡಿತು. "ಇರು ಪುಟ್ಟಿ, ಒಂದೇ ನಿಮಿಷ" ಅಂದೆ. ಹೀಗೆ ಐದಾರು ಸಲ ಅಂದಿರಬೇಕು. ಆಮೇಲೆ ಪಕ್ಕಕ್ಕೆ ತಿರುಗಿದರೆ ಅವಳಿಲ್ಲ. ಒಂದು ಏರೋಪ್ಲೇನ್ ಚಿಟ್ಟೆಯ ಹಿಂದೆ ಹೋಗಿ ನೀರಿನ ಅಂಚಿನ ಕೆಸರಲ್ಲಿ ನಿಂತಿದ್ದಳು. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ನೀರು. ಏನೂ ಆಗಲಿಲ್ಲ, ಆದರೆ ನನ್ನ ಕೈ ನಡುಗುವುದು ನಿಲ್ಲಲು ತುಂಬ ಹೊತ್ತು ಬೇಕಾಯಿತು. ಗಾಳ ಸುತ್ತಿಕೊಂಡು ವಾಪಸ್ ಬಂದೆವು.

ಎರಡನೇ ಸಲ ನನ್ನ ಗಾಳವನ್ನು ಮನೆಯಲ್ಲೇ ಬಿಟ್ಟೆ. ಇಡೀ ಅನುಭವದಲ್ಲಿ ನಾನು ಕಲಿತ ದೊಡ್ಡ ವಿಷಯ ಇದೇ. ಮೀನಿನ ಹುಚ್ಚು ಇರುವವರಿಗೆ ಇದು ಎಷ್ಟು ಕಷ್ಟ ಅಂತ ಗೊತ್ತಿರುತ್ತದೆ. ಮುಂದೆ ನೀರಿದೆ, ಮೀನು ಮೇಲೆದ್ದು ಗುಳಕ್ ಅನ್ನುತ್ತಿದೆ, ಕೈ ಸುಮ್ನಿರಲ್ಲ. ಆದರೆ ಚಿಕ್ಕ ಮಗು ಜೊತೆಗಿದ್ದರೆ ಎರಡೂ ಕೈ ಖಾಲಿ ಇರಲೇಬೇಕು.

ಹೋಗುವುದಕ್ಕೆ ಒಂದು ವಾರ ಮುಂಚೆ ಅಂಗಳದಲ್ಲಿ ಅಭ್ಯಾಸ ಶುರು ಮಾಡಿದೆವು. ಅವಳ ಎತ್ತರಕ್ಕೆ ತಕ್ಕ ಹಗುರವಾದ ಬಿದಿರು ಕೋಲು, ಕೋಲಿನಷ್ಟೇ ಉದ್ದದ ದಾರ. ದಾರ ಸುತ್ತುವ ರೀಲ್ ಬೇಡ ಅಂತ ನಾನೇ ತೀರ್ಮಾನ ಮಾಡಿದೆ. ರೀಲ್ ಇದ್ದರೆ ಮಕ್ಕಳ ಗಮನವೆಲ್ಲ ಅದರ ಹಿಡಿ ತಿರುಗಿಸುವುದರಲ್ಲೇ ಇರುತ್ತದೆ. ಕೊಕ್ಕೆಯ ಜಾಗದಲ್ಲಿ ಪೆನ್ಸಿಲ್ ಅಳಿಸುವ ರಬ್ಬರ್ ಕಟ್ಟಿ, ಬಕೆಟ್ ಒಳಗೆ ಹಾಕು ಅಂದೆ. ಮೂರನೇ ದಿನಕ್ಕೆ ಗುರಿ ಕೂತಿತು. ಬೀಸುವ ಮೊದಲು ಹಿಂದೆ ತಿರುಗಿ ನೋಡಿ "ಹಿಂದೆ ಯಾರೂ ಇಲ್ಲ" ಅಂತ ಜೋರಾಗಿ ಹೇಳಬೇಕು ಅನ್ನುವುದೊಂದೇ ನಿಯಮ. ಆ ವಾರ ಅವಳು ಊಟಕ್ಕೆ ಕೂರುವಾಗಲೂ ಇದನ್ನೇ ಕೂಗುತ್ತಿದ್ದಳು.

ಕೊಕ್ಕೆ ಹತ್ತನೇ ನಂಬರಿನದು. ನಂಬರ್ ಜಾಸ್ತಿ ಆದಷ್ಟೂ ಕೊಕ್ಕೆ ಚಿಕ್ಕದು, ಅಂಗಡಿಯಲ್ಲಿ ಹೊಸಬರು ಇಲ್ಲೇ ಎಡವುತ್ತಾರೆ. ಅದರ ತುದಿಯ ಒಳಗಿರುವ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದೆ. ಮಗುವಿನ ಕೈಲಿರುವ ಗಾಳ ಮೀನಿಗಿಂತ ಮೊದಲು ಯಾರದಾದರೂ ಬೆರಳಿಗೋ ಅಂಗಿಗೋ ಸಿಕ್ಕೇ ಸಿಗುತ್ತದೆ. ಮುಳ್ಳಿಲ್ಲದ ಕೊಕ್ಕೆ ಹೋದ ದಾರಿಯಲ್ಲೇ ಹೊರಗೆ ಬರುತ್ತದೆ. ನನ್ನ ತೋರುಬೆರಳಲ್ಲಿ ಪರೀಕ್ಷೆಯೂ ಆಯಿತು. ದಾರ ಸಡಿಲಾದರೆ ಮೀನು ತಪ್ಪಿಸಿಕೊಳ್ಳುತ್ತದೆ, ನಿಜ. ತಪ್ಪಿಸಿಕೊಳ್ಳಲಿ ಬಿಡಿ.

ಇನ್ನೊಂದು ನನ್ನ ಕೆಟ್ಟ ಚಾಳಿ. ಭಾರಕ್ಕೆ ಹಾಕುವ ಸೀಸದ ಗುಂಡನ್ನು ಹಲ್ಲಿನಿಂದ ಕಚ್ಚಿ ದಾರಕ್ಕೆ ಕೂರಿಸುತ್ತಿದ್ದೆ. ಸೀಸ ವಿಷ, ಚಿಕ್ಕ ಮಕ್ಕಳಿಗಂತೂ ಇನ್ನೂ ಕೆಟ್ಟದ್ದು. ನಾನು ಮಾಡಿದ್ದನ್ನೇ ಅವಳು ಮಾಡುತ್ತಾಳೆ, ಅಲ್ವಾ? ಸೀಸ ಬಿಟ್ಟು ಒಂದು ಪುಟ್ಟ ಕಬ್ಬಿಣದ ನಟ್ ಕಟ್ಟಿದೆ. ಕೆಲಸ ಆಯಿತು.

ಲೈಫ್ ಜಾಕೆಟ್ ವಿಷಯದಲ್ಲಿ ರಾಜಿ ಇಲ್ಲ, ನೀರು ಮೊಣಕಾಲುದ್ದವೇ ಇದ್ದರೂ. ಮಕ್ಕಳದಕ್ಕೆ ಕಾಲುಗಳ ನಡುವೆ ಹಾದು ಬರುವ ಪಟ್ಟಿ ಇರಬೇಕು. ತೊಡಿಸಿದ ಮೇಲೆ ಜಾಕೆಟ್ಟಿನ ಭುಜ ಹಿಡಿದು ಮೇಲಕ್ಕೆ ಎಳೆದು ನೋಡಿ. ಅದು ಮಗುವಿನ ಕಿವಿವರೆಗೆ ಏರಿದರೆ ಸಡಿಲ ಅಂತ ಅರ್ಥ. ಅದರ ಜೊತೆಗೆ ಟೋಪಿ, ಶೂ, ಕಣ್ಣಿಗೆ ಕನ್ನಡಕ. ಬಿಸಿಲಿಗಲ್ಲ, ಹಾರುವ ಕೊಕ್ಕೆಗೆ. ಅಲ್ಲಿ ಹಿಡಿಯಲು ಪರವಾನಗಿ ಬೇಕಾ, ಮೊಟ್ಟೆ ಇಡುವ ಕಾಲವಾ ಅನ್ನುವುದನ್ನೂ ಮೊದಲೇ ವಿಚಾರಿಸಿಕೊಂಡಿದ್ದೆ.

ಹಿಂದಿನ ದಿನ ನಾನೊಬ್ಬನೇ ಹೋಗಿ ಜಾಗ ನೋಡಿ ಬಂದೆ. ದೊಡ್ಡ ಮೀನಿರುವ ಆಳದ ಮಡು ಮಕ್ಕಳಿಗೆ ಬೇಡ. ಇಳಿಜಾರು ಕಡಿಮೆ, ನೆರಳಿದೆ, ಬೆರಳುದ್ದದ ಮೀನುಗಳು ಬಿಡುವಿಲ್ಲದೆ ಕಚ್ಚುತ್ತವೆ, ಅಂಥ ಕಡೆ ಸಾಕು.

ಬಿಸಿಲೇರುವ ಮೊದಲು ಹೋದೆವು. ಡಬ್ಬಿಯಲ್ಲಿ ಎರೆಹುಳು ಇತ್ತು. ಅವಳು ಒಂದನ್ನು ಅಂಗೈ ಮೇಲೆ ಬಿಟ್ಟುಕೊಂಡು, ಅದು ಉದ್ದವಾಗುವುದನ್ನೂ ಕುಗ್ಗುವುದನ್ನೂ ನೋಡುತ್ತಾ ಕೂತಳು. ಕಾಲು ಗಂಟೆ ಹೀಗೇ ಹೋಯಿತು. ಅದಕ್ಕೊಂದು ಹೆಸರೂ ಬಂತು. ಇನ್ನು ಅದನ್ನು ಕೊಕ್ಕೆಗೆ ಚುಚ್ಚುವುದು ಹೇಗೆ? ಪುಣ್ಯಕ್ಕೆ ಚೀಲದಲ್ಲಿ ನಾದಿದ ಹಿಟ್ಟೂ ಇತ್ತು. ಹುಳುಗಳೆಲ್ಲ ಮರದ ಬುಡ ಸೇರಿದವು, ಕಡಲೆಕಾಳಿನಷ್ಟು ಹಿಟ್ಟು ಕೊಕ್ಕೆ ಸೇರಿತು.

ಮಾತಾಡಿದರೆ ಮೀನು ಓಡಿಹೋಗುತ್ತದೆ ಅಂತ ಮಕ್ಕಳ ಬಾಯಿ ಮುಚ್ಚಿಸುವವರಿದ್ದಾರೆ. ಗಾಳಿಯಲ್ಲಿ ಆಡಿದ ಮಾತು ಬಹುಪಾಲು ನೀರಿನ ಮೇಲ್ಮೈಗೆ ಬಡಿದು ವಾಪಸ್ ಬರುತ್ತದೆ, ಒಳಗೆ ಹೋಗುವುದು ಬಹಳ ಕಡಿಮೆ. ದಡದಲ್ಲಿ ದಡದಡ ಓಡಿದರೆ ಮಾತ್ರ ಆ ಅದುರು ನೆಲದಿಂದ ನೀರಿಗೆ ಇಳಿಯುತ್ತದೆ. ಮೀನಿನ ಪಕ್ಕೆಯುದ್ದಕ್ಕೂ ಒಂದು ಗೆರೆ ಕಾಣುತ್ತದಲ್ಲ, ನೀರಿನ ಅಲುಗಾಟ ಅದಕ್ಕೆ ತಿಳಿಯುವುದು ಅಲ್ಲಿಂದಲೇ. ಹಾಗಾಗಿ "ಎಷ್ಟು ಬೇಕಾದರೂ ಮಾತಾಡು, ಕುಣಿಬೇಡ" ಅಂದೆ. ಮಾತಂತೂ ನಿಲ್ಲಲೇ ಇಲ್ಲ.

ಬೆಂಡು ಒಮ್ಮೆ ನಡುಗಿತು. ಮತ್ತೆ ಸುಮ್ಮನಾಯಿತು. ಆಮೇಲೆ ಓರೆಯಾಗಿ ಜಾರುತ್ತಾ ನೀರೊಳಗೆ ಮುಳುಗಿತು. "ಎತ್ತು!" ಅನ್ನುವಷ್ಟರಲ್ಲಿ ಅವಳು ಎರಡೂ ಕೈಯಿಂದ ಎಳೆದಿದ್ದಳು. ಮೀನು ನನ್ನ ಕಿವಿ ಪಕ್ಕದಲ್ಲೇ ಹಾರಿ ಹಿಂದಿನ ಹುಲ್ಲಲ್ಲಿ ಬಿತ್ತು. "ಹಿಂದೆ ಯಾರೂ ಇಲ್ಲ" ಅನ್ನುವುದು ಮರೆತೇಹೋಗಿತ್ತು.

ಕೈ ಒದ್ದೆ ಮಾಡಿಕೊಂಡು ಮೀನು ಹಿಡಿಯಬೇಕು, ಒಣಗೈಯಿಂದ ಹಿಡಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ ಅಂತ ತೋರಿಸಿದೆ. ಅವಳು ಮೀನಿನ ಕಣ್ಣನ್ನೇ ನೋಡುತ್ತಿದ್ದಳು.

"ಅಪ್ಪಾ, ಇದು ಯಾಕೆ ಕಣ್ಣು ಮುಚ್ಚಲ್ಲ?"

"ಅದಕ್ಕೆ ರೆಪ್ಪೆ ಇಲ್ಲ ಪುಟ್ಟಿ."

"ಅದರ ಅಮ್ಮ ಹುಡುಕಲ್ವಾ?"

ಇದಕ್ಕೆ ನಾನು ತಯಾರಾಗಿರಲಿಲ್ಲ. ಸಣ್ಣದನ್ನು ಬಿಡುವುದು, ದೊಡ್ಡದಾದರೆ ಒಂದನ್ನು ಊಟಕ್ಕೆ ತರುವುದು ಅಂತ ಮನೆಯಲ್ಲೇ ಮಾತಾಡಿಕೊಂಡಿದ್ದೆವು. ಇದು ಸಣ್ಣದೇ ಇತ್ತು. ಈ ಜಾತಿಯ ಮೀನು ಮೊಟ್ಟೆ ಇಟ್ಟು ಹೊರಟುಹೋಗುತ್ತದೆ, ಮರಿ ನೋಡಿಕೊಳ್ಳುವುದಿಲ್ಲ ಅಂದೆ. "ಪಾಪ" ಅಂತ ಅವಳೇ ನೀರಿಗೆ ಬಿಟ್ಟಳು. ಎರಡನೆಯದನ್ನೂ ಬಿಟ್ಟಳು. ಮೂರನೆಯದು ನನ್ನ ಗೇಣಿಗಿಂತ ಉದ್ದವಿತ್ತು. ಸ್ವಲ್ಪ ಯೋಚಿಸಿ "ಇದು ಊಟಕ್ಕೆ" ಅಂದಳು.

"ಹಾಗಾದರೆ ಈಗಲೇ ಸಾಯಿಸಬೇಕು. ಅದಕ್ಕೆ ಉಸಿರಾಡೋಕೆ ಆಗ್ತಿಲ್ಲ. ನೋಡ್ತೀಯಾ, ಆ ಕಡೆ ತಿರುಗ್ತೀಯಾ?"

ತಿರುಗಿ ನಿಂತು ಕಿವಿ ಮುಚ್ಚಿಕೊಂಡಳು. "ಮಲಗಿಸ್ತೀನಿ", "ನಿದ್ದೆ ಮಾಡುತ್ತೆ" ಅನ್ನುವ ಮಾತು ನನಗೆ ಸರಿ ಕಾಣುವುದಿಲ್ಲ. ರಾತ್ರಿ ಅದೇ ಮಗುವನ್ನು ನಾವು ಮಲಗಿಸಬೇಕು. ಗಟ್ಟಿ ಕೋಲಿನಿಂದ ಕಣ್ಣುಗಳ ಮೇಲ್ಭಾಗಕ್ಕೆ, ತಲೆಯ ಮೇಲೆ ಒಂದೇ ಏಟು ಹಾಕಿದೆ. ಅಳುಕಿ ಮೆಲ್ಲಗೆ ಹೊಡೆದರೆ ಮೀನಿಗೇ ಹಿಂಸೆ. ಆದರೆ ಒಂದು ಮಾತು ಮೊದಲೇ ಹೇಳುವುದನ್ನು ಮರೆತಿದ್ದೆ. ಅವಳು ಈ ಕಡೆ ತಿರುಗಿದಾಗ ಬಾಲ ಇನ್ನೂ ಅದುರುತ್ತಿತ್ತು. "ಇನ್ನೂ ಬದುಕಿದೆ!" ಅಂತ ಅತ್ತಳು. ಸತ್ತ ಮೇಲೂ ಮಾಂಸ ಸ್ವಲ್ಪ ಹೊತ್ತು ಅದುರುತ್ತದೆ, ಅದಕ್ಕೆ ಗೊತ್ತಾಗುವುದಿಲ್ಲ ಅಂತ ಹೇಳಿದೆ. ನಂಬಲು ಅವಳಿಗೆ ಹೊತ್ತು ಬೇಕಾಯಿತು. ಅಲ್ಲಿಗೇ ಮುಗಿಸಿದೆವು. ಒಟ್ಟು ಒಂದು ಗಂಟೆಯೂ ಆಗಿರಲಿಲ್ಲ. ತುಂಡಾದ ದಾರವನ್ನೆಲ್ಲ ಅವಳೇ ಹೆಕ್ಕಿ ಡಬ್ಬಿಗೆ ಹಾಕಿದಳು, ಹಕ್ಕಿ ಕಾಲಿಗೆ ಸುತ್ತಿಕೊಳ್ಳುತ್ತದೆ ಅಂತ ಹೇಳಿದ್ದೆ.

ಮನೆಗೆ ಬಂದು ಮೀನು ಕೊಯ್ಯುವಾಗ ಅಳು ಎಲ್ಲೋ ಹೋಗಿತ್ತು. ಹೊಟ್ಟೆಯೊಳಗಿನ ಗಾಳಿ ಚೀಲ ತೋರಿಸಿ, ಮೀನು ನೀರಲ್ಲಿ ಮೇಲೆ ಕೆಳಗೆ ನಿಲ್ಲುವುದು ಇದರಿಂದ ಅಂದೆ. ನೆಲಕ್ಕಿಟ್ಟು ಹಿಮ್ಮಡಿಯಿಂದ ಒತ್ತಿ ಟಪ್ ಅನ್ನಿಸಿದಳು. ಊಟಕ್ಕೆ ಒಂದೇ ತುಂಡು ತಿಂದಳು, ಸಾಕು ಅಂದಳು. ನಾನೂ ಒತ್ತಾಯ ಮಾಡಲಿಲ್ಲ.

ಒಂದು ಹುರುಪೆಯನ್ನು ತೊಳೆದು ಇಟ್ಟುಕೊಂಡಿದ್ದಾಳೆ. ಭೂತಗನ್ನಡಿಯಲ್ಲಿ ನೋಡಿದರೆ ಮರದ ಕಾಂಡದ ಹಾಗೆ ಸುತ್ತು ಸುತ್ತು ಗೆರೆಗಳು. ಬೆಳವಣಿಗೆ ನಿಧಾನವಾದ ಕಾಲದಲ್ಲಿ ಗೆರೆಗಳು ಒತ್ತೊತ್ತಾಗಿರುತ್ತವೆ, ಆ ಪಟ್ಟಿಗಳನ್ನು ಎಣಿಸಿ ವಯಸ್ಸು ಹೇಳುತ್ತಾರೆ. ನನ್ನ ಲೆಕ್ಕಕ್ಕೆ ಎರಡು ವರ್ಷ. ಅವಳು ಒಂದೊಂದು ಗೆರೆಯನ್ನೂ ಬಿಡದೆ ಎಣಿಸಿ, ಮೀನಿಗೆ ನಲವತ್ತೊಂದು ವರ್ಷ, ಅಪ್ಪನಿಗಿಂತ ದೊಡ್ಡದು ಅಂತ ಎಲ್ಲರಿಗೂ ಹೇಳಿಕೊಂಡು ಬರುತ್ತಿದ್ದಾಳೆ.