ಅಪೀಲು ಬಾಗಿಲಲ್ಲೇ ವಜಾ ಆಗದ ಹಾಗೆ ನೋಡಿಕೊಳ್ಳುವುದು ಹೇಗೆ

ಕಳೆದ ವರ್ಷ ಶಿರಾ ಕಡೆಯ ಯಜಮಾನರೊಬ್ಬರು ನಮ್ಮ ಆಫೀಸಿಗೆ ಬಂದಿದ್ದರು. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರ್, ಅದರೊಳಗೆ ಹನ್ನೊಂದು ವರ್ಷದ ಜಮೀನು ಕೇಸು. ‘ಅಪೀಲು ಸೋತೆ ಸ್ವಾಮಿ, ಆದ್ರೆ ಜಡ್ಜು ನನ್ನ ಕೇಸೇ ಕೇಳ್ಲಿಲ್ಲ’ ಅಂದರು. ನಾನು ವಕೀಲನಲ್ಲ, ವಕೀಲರ ಗುಮಾಸ್ತ. ಇಂಥ ಮಾತು ತಿಂಗಳಿಗೆ ಎರಡು ಸಲವಾದರೂ ಕೇಳುತ್ತೇನೆ. ಆರ್ಡರ್ ಶೀಟ್ (ಪ್ರತಿ ದಿನ ಕೋರ್ಟಿನಲ್ಲಿ ಆದದ್ದನ್ನು ಬರೆಯುವ ಹಾಳೆ) ತೆಗೆದು ಕೊನೆಯ ಪುಟ ನೋಡಿದೆ. ‘ಮೇಲ್ಮನವಿದಾರರು ಗೈರು. ವಕೀಲರು ಗೈರು. ಮೇಲ್ಮನವಿ ವಜಾ.’ ಅಷ್ಟೇ. ‘ಯಜಮಾನ್ರೇ, ನೀವು ಸೋತಿಲ್ಲ, ನಿಮ್ಮ ಕೇಸು ಇನ್ನೂ ಶುರುವೇ ಆಗಿಲ್ಲ’ ಅಂದೆ. ಅವರು ನನ್ನನ್ನೇ ಸ್ವಲ್ಪ ಹೊತ್ತು ನೋಡಿದರು.

ಅಪೀಲು ವಜಾ ಆಯಿತು ಅಂತ ಯಾರೇ ಹೇಳಲಿ, ಮೊದಲು ಕೇಳಬೇಕಾದ್ದು ಒಂದೇ: ಯಾಕೆ ವಜಾ ಆಯಿತು? ತಡ ಮಾಡಿದ್ದಕ್ಕಾ, ಗೈರಾದದ್ದಕ್ಕಾ, ಆಫೀಸ್ ಆಬ್ಜೆಕ್ಷನ್ (ಕೋರ್ಟಿನ ಕಚೇರಿ ಅಪೀಲಿನ ಕಾಗದಗಳಲ್ಲಿ ತೋರಿಸುವ ಕೊರತೆ) ಸರಿಪಡಿಸದ್ದಕ್ಕಾ, ಪಾರ್ಟಿ ತೀರಿಹೋದದ್ದಕ್ಕಾ, ಇಲ್ಲಾ ನಿಜವಾಗಿ ಗುಣಾವಗುಣ ನೋಡಿ (ಕೋರ್ಟಲ್ಲಿ ಎಲ್ಲರೂ ‘ಮೆರಿಟ್ಸ್’ ಅನ್ನುತ್ತಾರಲ್ಲ, ಅದು) ವಜಾ ಮಾಡಿದರಾ? ಒಂದೊಂದಕ್ಕೂ ಮದ್ದು ಬೇರೆ. ತಪ್ಪು ಮದ್ದಿಗೆ ಹೋಗಿ ಎರಡು ವರ್ಷ ಕಳೆದುಕೊಂಡವರನ್ನು ನೋಡಿದ್ದೇನೆ. ನಾನು ಬರೆಯುತ್ತಿರುವುದು ನಮ್ಮ ಕಡೆಯ ಸಿವಿಲ್ ಕೇಸುಗಳ ಬಗ್ಗೆ: ಭಾಗದ ದಾವೆ, ಸೈಟು ಜಗಳ, ಕರಾರು ಪಾಲನೆ, ಹಣದ ದಾವೆ, ಇಂಥವು.

ತಡ ಆಯಿತೋ ಇಲ್ಲವೋ ಅನ್ನುವ ಲೆಕ್ಕಕ್ಕೆ ಮೊದಲು ನೋಡಬೇಕಾದ್ದು ತೀರ್ಪಿನ ನಕಲಿನ ಹಿಂಬದಿಯ ಸೀಲು. ಡಿಕ್ರಿ (ದಾವೆಯನ್ನು ತೀರ್ಮಾನಿಸುವ ಆದೇಶ) ಆದ ದಿನದಿಂದ ಜಿಲ್ಲಾ ಕೋರ್ಟಿಗೆ ಅಪೀಲು ಹಾಕಲು 30 ದಿನ, ಹೈಕೋರ್ಟಿಗೆ 90 ದಿನ. ಬೆಂಗಳೂರಿನ ಸಿಟಿ ಸಿವಿಲ್ ಕೋರ್ಟಿನ ಡಿಕ್ರಿ ಮೇಲೆ ಅಪೀಲು ನೇರ ಹೈಕೋರ್ಟಿಗೇ ಹೋಗುತ್ತದೆ. ಸರ್ಟಿಫೈಡ್ ಕಾಪಿ, ಅಂದರೆ ಕೋರ್ಟು ದೃಢೀಕರಿಸಿದ ಆ ನಕಲು, ಪಡೆಯಲು ಬೇಕಾದ ಸಮಯವನ್ನು ಈ ಲೆಕ್ಕದಿಂದ ಕಳೆಯಬಹುದು. ನಕಲಿನ ಮೇಲೆ ಮೂರು ದಿನಾಂಕ ಇರುತ್ತವೆ: ಅರ್ಜಿ ಕೊಟ್ಟದ್ದು, ನಕಲು ತಯಾರಾದದ್ದು, ನೀವು ತೆಗೆದುಕೊಂಡದ್ದು. ಜನ ಮೂರನೇ ದಿನಾಂಕ ನೋಡಿ ಲೆಕ್ಕ ಹಾಕುತ್ತಾರೆ, ಅಲ್ಲೇ ಎಡವುತ್ತಾರೆ. ತಯಾರಾದ ಮೇಲೆ ನಕಲು ವಿಭಾಗದಲ್ಲಿ ಸುಮ್ನೆ ಬಿದ್ದಿದ್ದ ದಿನಗಳು ನಿಮ್ಮ ಖಾತೆಗೇ.

ತಡ ಆಗೇ ಹೋಗಿದ್ದರೆ ಅಪೀಲಿನ ಜೊತೆಗೇ ವಿಳಂಬ ಮನ್ನಾ ಅರ್ಜಿ ಹಾಕಬೇಕು, ಕಾಲಮಿತಿ ಕಾಯ್ದೆಯ ಸೆಕ್ಷನ್ 5ರ ಅಡಿ. ಆಮೇಲೆ ಹಾಕೋಣ ಅನ್ನಬೇಡಿ. ಅಫಿಡವಿಟ್‌ನಲ್ಲಿ ‘ಅನಿವಾರ್ಯ ಕಾರಣಗಳಿಂದ’ ಅಂತ ಬರೆದರೆ ಬರೆಯದೆ ಬಿಟ್ಟಂತೆಯೇ. ‘ಮಾರ್ಚ್ 4ರಂದು ಬಿದ್ದು ಕಾಲು ಮುರಿಯಿತು, ಮೇ 20ರವರೆಗೆ ಹಾಸಿಗೆಯಲ್ಲಿದ್ದೆ, 22ಕ್ಕೆ ವಕೀಲರನ್ನು ಕಂಡೆ’ ಅಂತ ದಿನಾಂಕ ಹಾಕಿ, ಆಸ್ಪತ್ರೆ ಚೀಟಿ ಲಗತ್ತಿಸಿ. 1987ರ ಕಾತಿಜಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉದಾರವಾಗಿ ನೋಡಬೇಕು ಅಂದಿತು, ಒಂದೊಂದು ದಿನದ ತಡಕ್ಕೂ ವಿವರಣೆ ಬೇಕು ಅನ್ನುವುದನ್ನು ಅತಿಗೆ ಒಯ್ಯಬಾರದು ಅಂದಿತು. ವಕೀಲರೆಲ್ಲ ಇವತ್ತಿಗೂ ಅದನ್ನೇ ಹಿಡಿದುಕೊಂಡಿದ್ದಾರೆ. ಆದರೆ ಗಾಳಿ ಬದಲಾಗಿದೆ. 2025ರಲ್ಲಿ ನಮ್ಮ ಕರ್ನಾಟಕ ಗೃಹ ಮಂಡಳಿಯ ಅಪೀಲೊಂದರಲ್ಲಿ 3966 ದಿನದ ವಿಳಂಬವನ್ನು ಹೈಕೋರ್ಟು ಮನ್ನಿಸಿತ್ತು, ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ನನ್ನ ಕೇಸು ಗಟ್ಟಿ ಇದೆ, ಹಾಗಾಗಿ ತಡ ಮನ್ನಿಸಿ ಅನ್ನುವ ವಾದವೂ ಈಗ ನಡೆಯುವುದು ಕಷ್ಟ. ವಿಳಂಬ ಬೇರೆ, ಮೆರಿಟ್ಸ್ ಬೇರೆ ಅಂತ 2024ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದೆ.

ಜಿಲ್ಲಾ ಕೋರ್ಟು ತಡದ ಕಾರಣಕ್ಕೇ ಅಪೀಲು ವಜಾ ಮಾಡಿದರೆ ಹೈಕೋರ್ಟಿಗೆ ಎರಡನೇ ಅಪೀಲು, ಅಂದರೆ ಆರ್‌ಎಸ್‌ಎ, ಹಾಕುತ್ತಾರೆ. ಅಲ್ಲಿ ಜಮೀನಿನ ಕಥೆ ಎಲ್ಲ ಹೇಳಲು ಹೋಗಬೇಡಿ. ಅಲ್ಲಿರುವ ಪ್ರಶ್ನೆ ತಡ ಮನ್ನಿಸಬೇಕಿತ್ತೋ ಇಲ್ಲವೋ ಅನ್ನುವುದು ಮಾತ್ರ. ಗೆದ್ದರೆ ಕೇಸು ವಾಪಸ್ ಜಿಲ್ಲಾ ಕೋರ್ಟಿಗೆ ಬರುತ್ತದೆ, ಕಥೆಗೆ ಜಾಗ ಅಲ್ಲಿ.

ಇನ್ನು ಆಫೀಸ್ ಆಬ್ಜೆಕ್ಷನ್. ಹೈಕೋರ್ಟಿನಲ್ಲಿ ಎಷ್ಟೋ ಅಪೀಲುಗಳು ಜಡ್ಜ್ ಮುಂದೆ ಸಾಯುವುದಿಲ್ಲ, ರಿಜಿಸ್ಟ್ರಿ ಕೌಂಟರಿನಲ್ಲಿ ಸಾಯುತ್ತವೆ. ‘ಪುಟ 37 ಮಸುಕು, ಟೈಪ್ ಪ್ರತಿ ಕೊಡಿ.’ ‘ಎರಡನೇ ಎದುರುದಾರರ ವಯಸ್ಸು ನಮೂದಿಸಿಲ್ಲ.’ ‘ಕೋರ್ಟ್ ಫೀ ಕಡಿಮೆ.’ ನೋಡಿದರೆ ನಗು ಬರುವಷ್ಟು ಸಣ್ಣವು. ಆದರೆ ಎರಡು ಮೂರು ಸಲ ಟೈಮ್ ತಗೊಂಡ ಮೇಲೆ ಪೆರೆಂಪ್ಟರಿ ಆರ್ಡರ್ ಬರುತ್ತದೆ: ಎರಡು ವಾರದಲ್ಲಿ ಸರಿಪಡಿಸದಿದ್ದರೆ ಅಪೀಲು ತಾನಾಗಿಯೇ ವಜಾ. ಆ ಎರಡು ವಾರ ಮುಗಿದ ದಿನ ಯಾರೂ ನಿಮಗೆ ಫೋನ್ ಮಾಡುವುದಿಲ್ಲ. ನಿಮ್ಮ ಕೇಸಿನ ಸಿಎನ್‌ಆರ್ ನಂಬರ್, 16 ಅಕ್ಷರ-ಅಂಕೆಯದು, ಬರೆದಿಟ್ಟುಕೊಳ್ಳಿ. ಇ-ಕೋರ್ಟ್ಸ್ ಆ್ಯಪ್‌ನಲ್ಲಿ ವಾರಕ್ಕೊಮ್ಮೆ ಹಾಕಿ ನೋಡಿ. ವಕೀಲರ ಮೇಲೆ ಅನುಮಾನ ಪಡುತ್ತಿದ್ದೀರಿ ಅಂತ ಅವರಿಗೆ ಅನ್ನಿಸಿದರೆ ಅನ್ನಿಸಲಿ ಬಿಡಿ.

ಗೈರು ವಜಾಕ್ಕೆ ಬರೋಣ, ಇಲ್ಲಿ ಕಾನೂನು ನಿಮ್ಮ ಪರ ಇದೆ. ಸಿಪಿಸಿಯ (ಸಿವಿಲ್ ಪ್ರಕ್ರಿಯಾ ಸಂಹಿತೆ) ಆರ್ಡರ್ 41, ರೂಲ್ 17. ಅಪೀಲು ಕೂಗಿದಾಗ ಮೇಲ್ಮನವಿದಾರರು ಇಲ್ಲದಿದ್ದರೆ ಕೋರ್ಟು ವಜಾ ಮಾಡಬಹುದು. ಆದರೆ ಅದರ ಕೆಳಗೇ ಒಂದು ವಿವರಣೆ ಇದೆ, 1976ರ ತಿದ್ದುಪಡಿಯಲ್ಲಿ ಸೇರಿಸಿದ್ದು: ಹೀಗೆ ಗೈರಾದಾಗ ಮೆರಿಟ್ಸ್ ಮೇಲೆ ವಜಾ ಮಾಡುವ ಅಧಿಕಾರ ಕೋರ್ಟಿಗೆ ಇಲ್ಲ. ಯಾರೂ ಇಲ್ಲದ ದಿನ ‘ದಾಖಲೆ ನೋಡಿದೆ, ಕೆಳಗಿನ ಕೋರ್ಟಿನ ತೀರ್ಪು ಸರಿಯಾಗಿದೆ’ ಅಂತ ಎರಡು ಪುಟ ಬರೆದು ಮುಗಿಸಿದ ಆದೇಶವೊಂದನ್ನು ನಾನೇ ನೋಡಿದ್ದೇನೆ. ಮುಂದಿನ ಕೋರ್ಟಿನಲ್ಲಿ ಅದು ಒಂದೇ ಹಿಯರಿಂಗಿಗೆ ಬಿತ್ತು. ಪಾರ್ಟಿಗಳು ಮಾತ್ರ ಆ ಎರಡು ಪುಟ ಓದಿ, ಜಡ್ಜು ಎಲ್ಲ ನೋಡಿಯೇ ಬರೆದಿದ್ದಾರೆ ಅಂದುಕೊಂಡು ಆರು ತಿಂಗಳು ಸುಮ್ಮನೆ ಕೂತಿದ್ದರು.

ಸಾಮಾನ್ಯ ಗೈರು ವಜಾ ಆಗಿದ್ದರೆ ಅದೇ ಕೋರ್ಟಿಗೆ ರೂಲ್ 19ರ ಅಡಿ ಅರ್ಜಿ ಹಾಕಿ, ವಜಾ ಆದ ದಿನದಿಂದ 30 ದಿನದೊಳಗೆ. ದಾಟಿದ್ದರೆ ಜೊತೆಗೆ ವಿಳಂಬ ಮನ್ನಾ ಅರ್ಜಿ. ಗೈರು ವಜಾ ಡಿಕ್ರಿ ಅಲ್ಲ, ಹಾಗಾಗಿ ಅದರ ಮೇಲೆ ಎರಡನೇ ಅಪೀಲು ಹಾಕಲು ಬರುವುದಿಲ್ಲ. ಹಾಕಿದವರು ಇದ್ದಾರೆ, ಒಂದು ವರ್ಷ ಆದ ಮೇಲೆ ಕೈಬೀಸಿಕೊಂಡು ವಾಪಸ್ ಬಂದಿದ್ದಾರೆ. ರೂಲ್ 19ರ ಅರ್ಜಿಯನ್ನೂ ತಿರಸ್ಕರಿಸಿದರೆ ಆ ತಿರಸ್ಕಾರದ ಮೇಲೆ ಆರ್ಡರ್ 43ರಲ್ಲಿ ಪ್ರತ್ಯೇಕ ಅಪೀಲು ಇದೆ.

ಶಿರಾದ ಯಜಮಾನರ ವಿಷಯದಲ್ಲಿ ನಾವು ಬರೆದದ್ದು ಇಷ್ಟು. ಆ ದಿನ ಹನ್ನೊಂದು ಗಂಟೆಗೆ ಅವರ ಹಿಂದಿನ ವಕೀಲರು ಪಕ್ಕದ ಕೋರ್ಟ್ ಹಾಲಿನಲ್ಲಿ ಪಾಟೀಸವಾಲು ಮಾಡುತ್ತಿದ್ದರು. ಆ ಕೇಸಿನ ನಂಬರ್ ಇದು, ಅಲ್ಲಿನ ಆರ್ಡರ್ ಶೀಟ್ ನಕಲು ಇಲ್ಲಿದೆ. ಹನ್ನೆರಡೂವರೆಗೆ ಇಲ್ಲಿಗೆ ಬಂದಾಗ ಅಪೀಲು ಆಗಲೇ ಕೂಗಿ ವಜಾ ಆಗಿತ್ತು. ಒಂದು ಪುಟ ಅಫಿಡವಿಟ್, ಎರಡು ಪುಟ ಲಗತ್ತು. ಎದುರುದಾರರಿಗೆ ಎರಡು ಸಾವಿರ ಖರ್ಚು ಕೊಡಿ ಅಂತ ಜಡ್ಜು ಅಂದರು, ಯಜಮಾನರು ಕೊಟ್ಟರು, ಅಪೀಲು ವಾಪಸ್ ಫೈಲಿಗೆ ಬಂತು.

ಪಾರ್ಟಿ ತೀರಿಹೋದರೆ 90 ದಿನದೊಳಗೆ ವಾರಸುದಾರರನ್ನು ದಾಖಲೆಗೆ ತರಬೇಕು. ಇಲ್ಲದಿದ್ದರೆ ಅವರ ಮಟ್ಟಿಗೆ ಅಪೀಲು ತಾನೇ ಕೊನೆಯಾಗುತ್ತದೆ. ಅದನ್ನು ರದ್ದು ಮಾಡಿಸಲು ಮತ್ತೆ 60 ದಿನ ಇದೆ. ಎದುರು ಪಾರ್ಟಿಯವರು ಹೋಗಿಬಿಟ್ಟದ್ದು ನಮಗೆ ಗೊತ್ತಾಗುವುದೇ ಎಷ್ಟೋ ಸಲ ಊರಿನ ತಿಥಿ ಊಟದಲ್ಲಿ. ಗೊತ್ತಾದ ದಿನವೇ ವಕೀಲರಿಗೆ ಹೇಳಿ.

ಈಗ ಮುಖ್ಯ ವಿಷಯ. ಅಪೀಲು ಒಳಗೆ ಬಂತು, ನಂಬರಾಯಿತು, ವಾದ ಆಯಿತು. ಇಷ್ಟಾದರೂ ಕೋರ್ಟು ನಿಮ್ಮ ಕೇಸು ನಿಜವಾಗಿ ಕೇಳಿತು ಅನ್ನುವ ಹಾಗಿಲ್ಲ. ಮೊದಲ ಅಪೀಲಿನಲ್ಲಿ ಇಡೀ ಕೇಸು ಮತ್ತೆ ತೆರೆಯುತ್ತದೆ, ಸಾಕ್ಷಿ, ದಾಖಲೆ, ಕಾನೂನು ಎಲ್ಲ. ಇದು ಉಪಕಾರವಲ್ಲ, ನಿಮ್ಮ ಹಕ್ಕು. ಆರ್ಡರ್ 41, ರೂಲ್ 31 ಹೇಳುವ ಪ್ರಕಾರ ಅಪೀಲು ಕೋರ್ಟಿನ ತೀರ್ಪಿನಲ್ಲಿ ತೀರ್ಮಾನಿಸಬೇಕಾದ ಅಂಶಗಳು ಇರಬೇಕು, ಒಂದೊಂದಕ್ಕೂ ತೀರ್ಮಾನ ಇರಬೇಕು, ಕಾರಣ ಇರಬೇಕು. ಬಹಳ ಕಡೆ ನಡೆಯುವುದು ಏನು ಗೊತ್ತಾ? ‘ಕೆಳಗಿನ ಕೋರ್ಟಿನ ತೀರ್ಪಿನಲ್ಲಿ ಮಧ್ಯಪ್ರವೇಶ ಅಗತ್ಯವಿದೆಯೇ?’ ಅಂತ ಒಂದೇ ಅಂಶ ಬರೆದು, ‘ಇಲ್ಲ’ ಅಂತ ಉತ್ತರ ಹಾಕಿ, ನಡುವೆ ಎಂಟು ಪುಟ ಎರಡೂ ಕಡೆಯ ವಾದವನ್ನು ನಕಲು ಮಾಡುವುದು. 2020ರಲ್ಲಿ ಕರ್ನಾಟಕದಿಂದಲೇ ಹೋದ ಮಲ್ಲೂರು ಮಲ್ಲಪ್ಪ ಪ್ರಕರಣದಲ್ಲಿ, ಹೈಕೋರ್ಟು ಸಾಕ್ಷ್ಯವನ್ನು ತಾನೇ ತೂಗಿ ನೋಡದೆ ಮೊದಲ ಅಪೀಲು ಮುಗಿಸಿದೆ ಅಂತ ಸುಪ್ರೀಂ ಕೋರ್ಟು ತೀರ್ಪು ರದ್ದು ಮಾಡಿ, ಮತ್ತೆ ಕೇಳಿ ಅಂತ ವಾಪಸ್ ಕಳಿಸಿತು. 2001ರ ಸಂತೋಷ್ ಹಜಾರಿ ತೀರ್ಪೂ ಇದೇ ದಾರಿಯದು. ಈ ಎರಡು ಹೆಸರು ನಿಮ್ಮ ವಕೀಲರಿಗೆ ನೆನಪಿಸಿ.

ಹಾಗಾದರೆ ಜಡ್ಜ್ ಕೈಯಲ್ಲಿ ಬರೆಸುವುದು ಹೇಗೆ? ಜೋರಾಗಿ ಮಾತಾಡಿದರೆ ಆಗುವುದಿಲ್ಲ. ಅಂಶಗಳನ್ನು ನೀವೇ ಬರೆದು ಕೊಡಿ. ನಾವು ವಾದದ ಕೊನೆಯಲ್ಲಿ ಮೆಮೊ ಜೊತೆ ಲಿಖಿತ ವಾದ ಹಾಕುತ್ತೇವೆ, ಮೂರು ನಾಲ್ಕು ಪುಟ, ಅದಕ್ಕಿಂತ ಜಾಸ್ತಿ ಇಲ್ಲ. ಶಿರಾ ಕೇಸಿನಲ್ಲಿ ಮೊದಲ ಅಂಶ ಹೀಗಿತ್ತು: ‘ಸರ್ವೆ ನಂಬರಿನ ಒಂದು ಎಕರೆ ಹತ್ತು ಗುಂಟೆ ಒಟ್ಟು ಕುಟುಂಬದ ಸ್ವತ್ತು ಎಂದು ವಾದಿ ರುಜುವಾತು ಮಾಡಿದ್ದಾರೆಯೇ? ನಿಶಾನೆ ಪಿ-7 ಪಹಣಿ ಮತ್ತು ಎರಡನೇ ಸಾಕ್ಷಿಯ ಪಾಟೀಸವಾಲಿನ ಮೂರನೇ ಪುಟ ನೋಡಿ. ಇವೆರಡನ್ನೂ ಕೆಳಗಿನ ಕೋರ್ಟು ಚರ್ಚಿಸಿಲ್ಲ.’ ಇಂಥ ಅಂಶ ಐದಾರು ಸಾಕು. ಫೈಲಿನಲ್ಲಿ ಇದು ಕೂತಿತು ಅಂದರೆ, ತೀರ್ಪಿನಲ್ಲಿ ಪಿ-7ರ ಹೆಸರೇ ಬರದಿದ್ದರೆ, ಎರಡನೇ ಅಪೀಲಿಗೆ ಬೇಕಾದ ಕಾನೂನಿನ ಪ್ರಶ್ನೆ ಆಗಲೇ ತಯಾರು. ಎರಡನೇ ಅಪೀಲಿಗೆ ಮಹತ್ವದ ಕಾನೂನಿನ ಪ್ರಶ್ನೆ ಬೇಕೇ ಬೇಕು, ಸಿಪಿಸಿಯ ಸೆಕ್ಷನ್ 100. ಸಾಕ್ಷಿ ಹೇಳಿದ್ದು ಸುಳ್ಳು ಅಂತ ಅಲ್ಲಿ ಅತ್ತರೆ ಯಾರೂ ಕೇಳುವುದಿಲ್ಲ. ಆದರೆ ಮುಖ್ಯ ದಾಖಲೆಯನ್ನು ಮೊದಲ ಅಪೀಲು ಕೋರ್ಟು ನೋಡಲೇ ಇಲ್ಲ ಅಂದರೆ ಕೇಳುತ್ತಾರೆ.

ಹೊಸ ದಾಖಲೆ ಸಿಕ್ಕಿದ್ದರೆ ಅದೇ ಆರ್ಡರ್ 41ರ ರೂಲ್ 27ರ ಅರ್ಜಿ ಹಾಕಿ. ವಾದದ ದಿನ ಆ ಐಎ (ಕೇಸಿನೊಳಗಿನ ಮಧ್ಯಂತರ ಅರ್ಜಿ) ಬಾಕಿ ಇದೆ ಅಂತ ಬಾಯಿಬಿಟ್ಟು ಹೇಳಿ, ಅದನ್ನು ಅಪೀಲಿನ ಜೊತೆಗೇ ತೀರ್ಮಾನಿಸಬೇಕು. ಅರ್ಜಿಯನ್ನು ಮರೆತು ತೀರ್ಪು ಬರೆದರೆ ಅದೂ ವಾಪಸ್ ಕಳಿಸಲು ಒಂದು ಕಾರಣ.

ಅಪೀಲು ಹಾಕಿದ ಮಾತ್ರಕ್ಕೆ ಡಿಕ್ರಿ ಜಾರಿಗೆ ತಡೆ ಸಿಗುವುದಿಲ್ಲ, ಅದನ್ನೂ ಬೇರೆ ಕೇಳಬೇಕು. ಮೆರಿಟ್ಸ್ ಕೇಳುವಷ್ಟರಲ್ಲಿ ಕೋರ್ಟಿನ ಅಮೀನರು ಬಂದು ಸ್ವಾಧೀನ ಕೊಡಿಸಿ ಹೋಗಿದ್ದರೆ ವಾದಕ್ಕೆ ಏನು ಉಳಿಯಿತು? ವರ್ಷಗಟ್ಟಲೆ ಹಿಯರಿಂಗೇ ಬರದಿದ್ದರೆ ಬೇಗ ಕೇಳಿ ಅನ್ನುವ ಅರ್ಜಿ ಹಾಕಿ, ಹಿರಿಯ ನಾಗರಿಕರಾದರೆ ವಯಸ್ಸಿನ ದಾಖಲೆ ಇಡಿ. ಜಿಲ್ಲಾ ಕೋರ್ಟು ಆಗಲೂ ಅಲ್ಲಾಡದಿದ್ದರೆ ಸಂವಿಧಾನದ 227ನೇ ವಿಧಿಯಡಿ ಹೈಕೋರ್ಟಿಗೆ ಹೋಗಿ, ಇಂತಿಷ್ಟು ತಿಂಗಳಲ್ಲಿ ಮುಗಿಸಿ ಅಂತ ನಿರ್ದೇಶನ ಕೇಳಬಹುದು.

ಕ್ರಿಮಿನಲ್ ಅಪೀಲಿನವರಿಗೆ ಒಂದು ಮಾತು: ಅಲ್ಲಿ ನಿಯಮ ಉಲ್ಟಾ. ವಿಚಾರಣೆಗೆ ಸೇರಿಸಿಕೊಂಡ ಅಪೀಲನ್ನು ಗೈರಿನ ಕಾರಣಕ್ಕೆ ವಜಾ ಮಾಡುವ ಹಾಗಿಲ್ಲ, ದಾಖಲೆ ನೋಡಿ ಮೆರಿಟ್ಸ್ ಮೇಲೆಯೇ ತೀರ್ಮಾನಿಸಬೇಕು ಅಂತ 1996ರ ಬಾನಿ ಸಿಂಗ್ ತೀರ್ಪು ಇದೆ. ಹಾಗಂತ ಹೋಗದೆ ಕೂರಬೇಡಿ, ನೀವಿಲ್ಲದೆಯೇ ತೀರ್ಮಾನ ಆಗಿಬಿಡುತ್ತದೆ.

ಶಿರಾ ಯಜಮಾನರ ಅಪೀಲು ಹತ್ತು ತಿಂಗಳ ಮೇಲೆ ತೀರ್ಮಾನ ಆಯಿತು. ಪಿ-7 ಬಗ್ಗೆ ಎರಡು ಪೂರ್ತಿ ಪುಟ ಇತ್ತು. ಕೆಳಗಿನ ಕೋರ್ಟು ಅದನ್ನು ನೋಡಿಲ್ಲ ಅಂತ ಹೇಳಿ ಕೇಸನ್ನು ಅಲ್ಲಿಗೇ ವಾಪಸ್ ಕಳಿಸಿದರು. ಹೀಗೆ ವಾಪಸ್ ಕಳಿಸುವ ರಿಮಾಂಡ್ ಆದೇಶದಲ್ಲಿ ಪಾರ್ಟಿಗಳು ಕೆಳಗಿನ ಕೋರ್ಟಿಗೆ ಹಾಜರಾಗಬೇಕಾದ ದಿನಾಂಕವನ್ನೂ ಹಾಕಿರುತ್ತಾರೆ. ಮತ್ತೆ ನೋಟಿಸ್ ಬರುತ್ತದೆ ಅಂತ ಕಾಯಬೇಡಿ. ಆ ದಿನಾಂಕವನ್ನು ಪ್ಲಾಸ್ಟಿಕ್ ಕವರಿನ ಮೇಲೆ ಮಾರ್ಕರ್‌ನಲ್ಲಿ ಬರೆದು ಕೊಟ್ಟೆ. ಅವರು ಆ ದಿನ ಹತ್ತು ಗಂಟೆಗೇ ಕೋರ್ಟ್ ಹಾಲಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರಂತೆ, ವಕೀಲರು ಬಂದದ್ದು ಹನ್ನೊಂದೂಕಾಲಕ್ಕೆ.