ಮಗಳ ಗಡಿಯಾರವನ್ನು ಆರು ಗಂಟೆ ಮುಂದೆ ತಳ್ಳಿದ ಕಥೆ

ಒಂಬತ್ತು ತಿಂಗಳ ಮಗಳನ್ನು ಎತ್ತಿಕೊಂಡು ಪೂರ್ವಕ್ಕೆ ಹೊರಟಿದ್ದೆವು. ಗಡಿಯಾರದಲ್ಲಿ ಆರು ಗಂಟೆ ಮುಂದಿದ್ದ ಊರು. ವಿಮಾನದಲ್ಲಿ ಅಳದೆ ಮಲಗಿದಳು ಅಂತ ಖುಷಿಪಟ್ಟಿದ್ದಷ್ಟೇ ಬಂತು. ತಲುಪಿದ ರಾತ್ರಿ ಹನ್ನೊಂದೂವರೆಗೆ ತೊಟ್ಟಿಲ ಕಂಬಿ ಹಿಡಿದು ನಿಂತಿದ್ದಳು. ನನ್ನ ತಲೆಯ ಕ್ಲಿಪ್ ಕಿತ್ತುಕೊಂಡು ಕಂಬಿಗೆ ಬಡಿಯುತ್ತಾ "ತಾ ತಾ ತಾ" ಅನ್ನುತ್ತಿದ್ದಳು. ನಿದ್ದೆಯ ಸುಳಿವೇ ಇಲ್ಲ.

ಅವಳದ್ದೇನು ತಪ್ಪು? ಮನೆಯಲ್ಲಿ ಸಂಜೆ 7ಕ್ಕೆ ಮಲಗಿ ಬೆಳಿಗ್ಗೆ 7ಕ್ಕೆ ಏಳುವವಳು. ಅವಳ ಮೈಯ ಲೆಕ್ಕದಲ್ಲಿ ಆಗಿನ್ನೂ ಸಂಜೆ 5:30. ಮಲಗುವ ಹೊತ್ತು ಅಂದರೆ ಅಲ್ಲಿ ರಾತ್ರಿ 1 ಗಂಟೆ, ಏಳುವ ಹೊತ್ತು ಮಧ್ಯಾಹ್ನ 1.

ಮೊದಲ ದಿನವೇ ನಾನು ಎಡವಿದೆ. ಜೆಟ್ ಲ್ಯಾಗ್‌ಗೆ (ದೂರದ ವಿಮಾನ ಪ್ರಯಾಣದಿಂದ ನಿದ್ದೆ ಏರುಪೇರಾಗುವುದಕ್ಕೆ) ಬೆಳಗಿನ ಬಿಸಿಲೇ ಮದ್ದು ಅಂತ ಎಲ್ಲರೂ ಹೇಳಿದ್ದರಲ್ವಾ, 6:30ಕ್ಕೇ ಎಬ್ಬಿಸಿ ಹೊರಗೆ ಕರೆದೊಯ್ದೆ. ಅವಳ ಮೈಗೆ ಅದು ನಡುರಾತ್ರಿ. ದಿನವಿಡೀ ರಗಳೆ. ಆ ರಾತ್ರಿ ಮಲಗಿದ್ದು ಇನ್ನೂ ತಡವಾಗಿ, 1:45ಕ್ಕೆ.

ಆಮೇಲೆ ಕೂತು ಓದಿದಾಗ ವಿಷಯ ತಿಳಿಯಿತು. ದೇಹದ ಗಡಿಯಾರವನ್ನು ತಿರುಗಿಸುವುದು ಬೆಳಕೇ, ನಿಜ. ಆದರೆ ಯಾವ ಹೊತ್ತಿನ ಬೆಳಕು ಅನ್ನುವುದು ಮುಖ್ಯ. ರೂಢಿಯ ಏಳುವ ಹೊತ್ತಿಗೆ ಎರಡು ಮೂರು ಗಂಟೆ ಮೊದಲು ಮೈಯ ಶಾಖ ತೀರಾ ಇಳಿದಿರುತ್ತದೆ. ಅದಕ್ಕೂ ಮುಂಚೆ ರಾತ್ರಿಯಲ್ಲಿ ಕಣ್ಣಿಗೆ ಬಿದ್ದ ಬೆಳಕು ಗಡಿಯಾರವನ್ನು ಹಿಂದಕ್ಕೆ ತಳ್ಳುತ್ತದೆ, ಅಂದರೆ ನಿದ್ದೆ ಇನ್ನೂ ತಡ. ಅದು ದಾಟಿದ ಮೇಲೆ ಬಿದ್ದದ್ದು ಮುಂದಕ್ಕೆ, ಅಂದರೆ ನಿದ್ದೆ ಬೇಗ. ಮಗಳಿಗೆ ಆ ಹೊತ್ತು ಬೆಳಗಿನ ಜಾವ 4, ಅಂದರೆ ಅಲ್ಲಿ 10 ಗಂಟೆ. ನಾನು ಕಷ್ಟಪಟ್ಟು ತೋರಿಸಿದ ಬಿಸಿಲು ಉಲ್ಟಾ ಕೆಲಸ ಮಾಡಿತ್ತು!

ಮಾರನೇ ದಿನ 10ರವರೆಗೆ ಪರದೆ ಸರಿಸಲಿಲ್ಲ. 10ಕ್ಕೆ ಎಬ್ಬಿಸಿ, ಟೋಪಿ ಹಾಕಿ ಮರದ ನೆರಳಿಗೆ ಕರೆದೊಯ್ದೆ. ನೆರಳಾದರೂ ಸಾಕು, ಮೋಡವಿದ್ದರೂ ನಡೆಯುತ್ತದೆ. ಹೊರಗಿನ ಬೆಳಕಿನ ಮುಂದೆ ಮನೆಯ ದೀಪ ಏನೇನೂ ಅಲ್ಲ. ಅದರ ಮರುದಿನ 9ಕ್ಕೆ, ಆಮೇಲೆ 8ಕ್ಕೆ, ಹೀಗೆ ದಿನಕ್ಕೊಂದು ಗಂಟೆ ಬೇಗ ಎಬ್ಬಿಸಿದೆ. ಸಂಜೆಯಾದರೆ ದೀಪ ಮಂದ, ಪರದೆ ಪೂರ್ತಿ ಮುಚ್ಚಿದ್ದು. ಮಲಗಿಸಲು ಒದ್ದಾಡುವುದನ್ನು ಬಿಟ್ಟೇಬಿಟ್ಟೆ. ನಿದ್ದೆ ನಮ್ಮ ಕೈಯಲ್ಲಿಲ್ಲ, ಎಬ್ಬಿಸುವುದು ಇದೆ.

ಹಗಲಿನ ನಿದ್ದೆಯದ್ದೇ ಜಗಳ. ಬಿಟ್ಟರೆ ನಾಲ್ಕು ಗಂಟೆ ಮಲಗುತ್ತಿದ್ದಳು. "ಮಲಗಿರೋ ಮಗೂನ ಎಬ್ಬಿಸ್ತಾರೇನೇ" ಅಂತ ಅಮ್ಮ ಫೋನಿನಲ್ಲೇ ಗದರಿದರು. ಆದರೂ ಒಂದೂವರೆ ಗಂಟೆ ಮಲಗಿದ ಮೇಲೆ ಎಬ್ಬಿಸಿದೆ. ಹೊದಿಕೆ ತೆಗೆದು, ಕಾಲುಚೀಲ ಬಿಚ್ಚಿ, ಪರದೆ ಸರಿಸಿ ಸುಮ್ನೆ ಪಕ್ಕದಲ್ಲಿ ಕೂತರೆ ಐದು ನಿಮಿಷದಲ್ಲಿ ತಾನೇ ಕಣ್ಣು ಬಿಡುತ್ತಿದ್ದಳು.

ಹೊಟ್ಟೆಗೂ ತನ್ನದೇ ಗಡಿಯಾರ ಇರುತ್ತದೆ. ನಡುರಾತ್ರಿ ಹಸಿವಾದರೆ ಹಾಲು ಕೊಟ್ಟೆ, ಅದನ್ನು ತಪ್ಪಿಸಲು ಹೋಗಲಿಲ್ಲ. ಆದರೆ ಕತ್ತಲಲ್ಲೇ, ಮಾತಿಲ್ಲದೆ. ಒಂದು ರಾತ್ರಿ ಇವರು ಪಾಪ ಮುದ್ದು ಬಂದು "ಬೂ" ಅಂತ ಮುಖ ಮುಚ್ಚಿ ತೆರೆದು ಆಡಿಸಿಬಿಟ್ಟರು. ಅವಳು ಕೇಕೆ ಹಾಕಿ ನಕ್ಕಳು, ನಮಗೆ ಮುಂದಿನ ಎರಡು ಗಂಟೆ ಜಾಗರಣೆ.

ಮೂರನೇ ರಾತ್ರಿ ಅವಳನ್ನು ಎದೆಗೊರಗಿಸಿಕೊಂಡು ಸೋಫಾ ಮೇಲೆ ನಾನೇ ತೂಕಡಿಸಿದೆ. ಎಚ್ಚರವಾದಾಗ ಕೈ ನಡುಗಿತು. ಮಗುವಿನೊಂದಿಗೆ ನಿದ್ದೆ ಹೋಗಲು ಸೋಫಾದಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ಅಂದಿನಿಂದ ಪಾಳಿ ಹಂಚಿಕೊಂಡೆವು: 2 ಗಂಟೆವರೆಗೆ ಇವರು, ಆಮೇಲೆ ನಾನು. ನಿದ್ದೆಯ ಹಾರ್ಮೋನ್ ಮೆಲಟೋನಿನ್ ಅನ್ನು ಔಷಧಿಯಾಗಿ ಕೊಡಬಹುದಾ ಅಂತ ಹೊರಡುವ ಮೊದಲೇ ಮಕ್ಕಳ ಡಾಕ್ಟರನ್ನು ಕೇಳಿದ್ದೆ. ಈ ವಯಸ್ಸಿಗೆ ಬೇಡವೇ ಬೇಡ ಅಂದಿದ್ದರು.

ಏಳನೇ ದಿನ ಸಂಜೆ 7:40ಕ್ಕೆ ಮಲಗಿದಳು. ಹೆಚ್ಚುಕಮ್ಮಿ ದಿನಕ್ಕೊಂದು ಗಂಟೆಯ ಲೆಕ್ಕ.

ಮೂರು ವಾರ ಕಳೆದು ಪಶ್ಚಿಮಕ್ಕೆ ಮರಳಿದ್ದು ಇಷ್ಟು ಕಷ್ಟವಾಗಲಿಲ್ಲ. ಮೈಗೆ ಹಗಲನ್ನು ಹಿಗ್ಗಿಸುವುದು ಕುಗ್ಗಿಸುವುದಕ್ಕಿಂತ ಸಲೀಸು. ಈ ಸಲ ಸಂಜೆಯ ಬೆಳಕು ಜಾಸ್ತಿ ತೋರಿಸಿದೆ, ಬೆಳಗಿನ ಜಾವ ಕೋಣೆ ಕತ್ತಲಾಗೇ ಇಟ್ಟೆ. ಮೊದಲ ದಿನ ರಾತ್ರಿ 2ಕ್ಕೇ ಎದ್ದಳು. ನಾಲ್ಕನೇ ದಿನ 4:40ಕ್ಕೆ ಕಂಬಿ ಹಿಡಿದು ನಿಂತು "ತಾ ತಾ" ಶುರುಮಾಡಿದಳು. ನಾನು ದೀಪ ಹಾಕಲಿಲ್ಲ, ಅಲುಗಾಡಲೂ ಇಲ್ಲ. ಸ್ವಲ್ಪ ಹೊತ್ತು ಒಬ್ಬಳೇ ಮಾತಾಡಿಕೊಂಡಳು. ಆಮೇಲೆ ಧೊಪ್ಪನೆ ಕೂತ ಸದ್ದು. ಅಷ್ಟೇ, ಆರೂವರೆವರೆಗೆ ಸದ್ದಿಲ್ಲ.